ಹೈಪೋ ಡಬ್ಬಿ

ಲಕ್ಷ್ಮೇಶ್ವರದ ಬಜಾರಿನಲ್ಲಿ ನನ್ನ ಸ್ಟುಡಿಯೋದ ಕತ್ತಲೆಕೋಣೆ
ಹದಿನೇಳು ವರ್ಷದಿಂದ ಬರೀ ಕೋಣೆ.
ಲ್ಯಾಮಿನೇಶನ್ ಯಂತ್ರ, ಕಾಲು ಮುರಿದ ಎರಡು ಕುರ್ಚಿ,
ಜೋಡಿಗಳ ಬೆನ್ನಿಗೆ ಇಳಿಬಿಡುತ್ತಿದ್ದ ತಾಜಮಹಲಿನ ಪರದೆ,
ಮೇಲಿನ ಹಲಗೆಯ ಮೇಲೆ ಯಾರೂ ಕೇಳದ
ಹೈಪೋ ಡಬ್ಬಿ.

ಮಾರ್ಚಿನ ಮಧ್ಯಾಹ್ನ ಒಂದೂವರೆಗೆ
ಬೈಕಿನಿಂದಿಳಿದ ಹುಡುಗ ಚಪ್ಪಲಿ ಬಿಡದೆ ಒಳಬಂದ.
"ಕಾಕಾ, ಫೋಟೋ ತೊಳಿಯೂ ಉಪ್ಪು ಐತೇನ್ರಿ?
ದವಾಖಾನ್ಯಾಗ ಇಂಜೆಕ್ಷನ್ ತೀರ್‍ಯಾವಂತ.
ಹೈಪೋ ಸಿಕ್ರ ನೀರಾಗ ಕಲಿಸಿ ಕುಡಿಸ್ರಿ,
ನಾ ಬರೂತನ ತಡಿತೈತಿ ಅಂದ್ರು ಡಾಕ್ಟರು."
ನನಗೆ ಮೊದಲು ನಗು ಬಂತು.
ಆಮೇಲೆ ಅವನ ಕೈ ನೋಡಿದೆ.
ಮೊಣಕೈವರೆಗೆ ಒಣಗಿದ ನೊರೆ.

ಸೂರಣಗಿ ದಾರಿಯ ಎರೆಹೊಲ.
ಸುಗ್ಗಿ ಮುಗಿದು ತಿಂಗಳಾಗಿ, ಕೊಯ್ದ ಜೋಳದ ಕೂಳೆಗೆ
ಹೊತ್ತಲ್ಲದ ಹೊತ್ತಿನ ಒಂದೇ ಮಳೆ ಬಿದ್ದು
ಗೇಣುದ್ದ ಚಿಗುರು.
ಮನುಷ್ಯರಿಗೂ ಬಾಯಿ ಹಾಕಬೇಕೆನಿಸುವ ಹಸಿರು.
ಗಾಳೆವ್ವನಿಗೆ ಅದರ ಗುಣ ಗೊತ್ತು.
"ಎಳೇ ಕೂಳಿಗೆ ಬಾಯಿ ಹಾಕಸಬಾರ್ದು,
ಹಸದ ಹೊಟ್ಟಿಲೆ ಅಂತೂ ಮೊದಲಽ ಬ್ಯಾಡ.
ಒಂದೀಟು ಹೊಟ್ಟು, ಜಾಲಿಕಾಯಿ ತಿನಿಸಿ,
ಇಬ್ಬನಿ ಆರಿದಮ್ಯಾಲ ಮಡ್ಡಿಗೆ ಬಿಡಬೇಕು."
ಅವಳಿಗೆ ಗೊತ್ತಿದ್ದದ್ದು ಕುರಿಗೆ ಗೊತ್ತಿರಲಿಲ್ಲ.
ಮಡ್ಡಿಯ ದಾರಿಗೆ ಮೊನ್ನೆಯಷ್ಟೇ ತಂತಿಬೇಲಿ ಬಿದ್ದಿತ್ತು,
ಗಾಳಿಫ್ಯಾನಿನವರದು. ಸುತ್ತು ಹಾಕಿ ಬರುವಾಗ
ಹಸಿದ ಹನ್ನೊಂದು ಬದು ಜಿಗಿದವು.

ನಾನು ಹೋದಾಗ ಮೂರು ಆಗಲೇ ಕಾಲು ನೀಡಿ ಮಲಗಿದ್ದವು.
ಉಳಿದವು ಬಾಯಿ ತೆರೆದು ಗಾಳಿಯನ್ನು ಕಚ್ಚುತ್ತಿದ್ದವು.
ಗಾಳೆವ್ವ ಒಂದರ ತುಟಿ ಎತ್ತಿ ತೋರಿಸಿದಳು.
ಒಸಡು ಕೆಂಪು,
ನನ್ನ ಕತ್ತಲೆಕೋಣೆಯ ಬಲ್ಬಿನ ಕೆಂಪು.
ರಕ್ತದ ತುಂಬ ಉಸಿರಿರುತ್ತದೆ, ಮೈಗೆ ಅದನ್ನು ಉಣ್ಣಲಾಗುವುದಿಲ್ಲ ಎಂದು
ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು.

ನೀರಿನ ಬಾಟಲಿಗೆ ಹರಳು ಸುರಿದು ಅಲುಗಿಸಿದೆ.
ಕರಗುತ್ತ ಕರಗುತ್ತ ಬಾಟಲಿ ಅಂಗೈಯಲ್ಲಿ ತಣ್ಣಗಾಯಿತು,
ಅಂಥ ಬಿಸಿಲಲ್ಲಿ.
ಆ ತಂಪು ನನ್ನ ಕೈಗೆ ಮರೆತೇ ಹೋಗಿತ್ತು.
ಗಾಳೆವ್ವ ಕುರಿಯನ್ನು ತೊಡೆಗಳ ನಡುವೆ ಅವುಚಿ
ಬಿದಿರ ಗೊಟ್ಟವನ್ನು ದವಡೆಯ ಮೂಲೆಗೆ ಇಟ್ಟಳು.
"ಹಗೂರಕ ಹಾಕ್ರಿ ಸಾಬರಽ, ಶ್ವಾಸಕ್ಕ ಹೋದ್ರ ಅದಽ ಸಾವು."

ಬೆಳಕಿಗೆ, ಇನ್ನು ಸಾಕು ನಿಲ್ಲು, ಎಂದು ಹೇಳುವ ಉಪ್ಪು ಅದು.
ಮುಖವನ್ನು ಕಾಗದದ ಮೇಲೆ ಉಳಿಸುವುದು.
ನಾನು ಅದರಲ್ಲಿ ಉಳಿತಾಯ ಮಾಡಿದವನು.
ಮಾಡಿಟ್ಟ ನೀರಲ್ಲೇ ಮೂರು ಮದುವೆ, ನಾಲ್ಕು ಮದುವೆ ಮುಳುಗಿಸಿ ತೆಗೆದೆ.
ಡಬ್ಬಿ ಅರ್ಧ ಉಳಿದದ್ದು ಹಾಗೆ.

ಡಾಕ್ಟರು ಬಂದರು, ಸೂಜಿ ಹಾಕಿದರು. ಸಂಜೆಗೆ ಇನ್ನೊಂದು ಹೋಯಿತು.
ಯಾರೋ ಬೈಕು ನಿಲ್ಲಿಸಿ ಸತ್ತ ನಾಲ್ಕಕ್ಕೆ ರೇಟು ಕೇಳಿದ.
ಗಾಳೆವ್ವ ತಿರುಗಿ ನೋಡದೆ ಗುಂಡಿ ತೋಡಿಸುತ್ತಿದ್ದಳು.
ಕತ್ತಲಾಗುವಾಗ ಕಿವಿ ಹರಿದ ಕುರಿಯೊಂದು
ದವಡೆ ಅಡ್ಡಡ್ಡ ಆಡಿಸಿತು, ನಿಲ್ಲಿಸಿತು, ಮತ್ತೆ ಆಡಿಸಿತು.
ಮೆಲುಕು.
ಹೊಲದಲ್ಲಿ ಯಾರೂ ಮಾತಾಡಲಿಲ್ಲ.

ಆಮೇಲೆ ಅವಳೇ ಅಂದಳು:
"ನನ್ನ ಲಗ್ನದ ಫೋಟೋ ನೀವಽ ತೆಗದದ್ದು.
ಅದ್ರಾಗ ಈಗ ಗಂಡನ ಮಾರಿ ಇಲ್ಲ,
ಬರೇ ಪಟಗ ಐತಿ."
ನಾನು ಡಬ್ಬಿಯ ಮುಚ್ಚಳ ಹುಡುಕುತ್ತಿದ್ದೆ.
ಅವಳು ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು
ಜಂತಿನ ಔಷಧಿ, ಕಲ್ಲುಪ್ಪಿನ ಗಂಟಿನ ಜೊತೆ
ಕಂಬಳಿಯ ಮಡಿಕೆಗೆ ಸೇರಿಸಿದಳು, ಕೇಳದೆ.
ಹುಡುಗನಿಗೆ ಕೂಗಿ ಹೇಳಿದಳು:
"ನಾಳಿಗೆ ಬರೇ ಹೊಟ್ಟು. ಹಸರು ತೋರಸಬ್ಯಾಡ."